ಗುಡಿಸಿದ ನೆರಳು

ನಮ್ಮೂರಿನಲ್ಲಿ ಮರ ಕಡಿದರೆ ನೆರಳು ಹೋಗುವುದಿಲ್ಲ. ಹೀಗೆಂದರೆ ಹೊರಗಿನವರು ನಗುತ್ತಾರೆ, ನಗಲಿ. ಕಡಲಾಚೆಯಿಂದ ಕುದುರೆ ತರುವ ವರ್ತಕರು ಮೊದಲ ಸಲ ನಮ್ಮ ದಂಡೆಗೆ ಇಳಿದಾಗ ತಂಪು ಕಂಡಲ್ಲಿ ಕೂತು, ಬೆವರು ಒರೆಸಿಕೊಂಡು, ಆಮೇಲೆ ತಲೆಯೆತ್ತಿ ನೋಡಿ ಗಾಬರಿ ಬೀಳುತ್ತಿದ್ದರು. ಮೇಲೆ ಎಲೆಯಿಲ್ಲ, ಕೊಂಬೆಯಿಲ್ಲ, ಬರೀ ಆಕಾಶ. ಕೆಳಗೆ ಮಾತ್ರ ದೊಡ್ಡ ಸುರಹೊನ್ನೆ ಮರವೊಂದರ ನೆರಳು, ಗಾಳಿ ಬಂದರೆ ಅಲ್ಲಾಡುವ, ಸೂರ್ಯ ಸರಿದಂತೆ ಸರಿಯುವ ನೆರಳು. ಎರಡು ದಿನ ಮೇಲೆ ಕೆಳಗೆ ನೋಡಿ ಕುತ್ತಿಗೆ ನೋಯಿಸಿಕೊಂಡವರು ಮೂರನೆಯ ದಿನ ಅದರಲ್ಲೇ ಚಾಪೆ ಹಾಸಿ ಗೊರಕೆ ಹೊಡೆಯುತ್ತಿದ್ದರು.

ನೆರಳು ಯಾಕೆ ಉಳಿಯುತ್ತದೆ ಎಂದು ಊರಿನಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಸಮುದ್ರ ಯಾಕೆ ಉಪ್ಪು ಎಂದು ಕೇಳುತ್ತ ಕೂತರೆ ಒಲೆ ಹೊತ್ತಿಸುವುದು ಯಾವಾಗ? ನಮಗೆ ಬೇಕಾಗಿದ್ದದ್ದು ಅದು ಎಲ್ಲಿಯವರೆಗೆ ಇರುತ್ತದೆ ಎಂಬುದು ಮಾತ್ರ. ಕಡಿದ ಮರ ಹಡಗಾಗಿ ಹೋಗುತ್ತದೆ. ಹಡಗಿನ ಹಲಗೆಗಳು ಘಟ್ಟದಿಂದ ಹೊಳೆಯಲ್ಲಿ ತೇಲಿ ಬರುತ್ತವೆ, ಅವುಗಳ ನೆರಳು ಅಲ್ಲಿ ಯಾರ ತಲೆ ಕಾಯುತ್ತಿದೆಯೋ ನಮಗೆ ತಿಳಿಯದು. ಆದರೆ ಹಡಗಿನ ತಳಕ್ಕೆ ಉದ್ದಕ್ಕೂ ಬೆನ್ನುಮೂಳೆಯಂತೆ ಇಡುವ ಅಡಿಮರ ಮಾತ್ರ ನಮ್ಮ ದಂಡೆಯ ಸುರಹೊನ್ನೆಯದೇ ಆಗಬೇಕು. ಉಪ್ಪುಗಾಳಿ ಕುಡಿದು ಬೆಳೆದ ಮರ, ಉಪ್ಪುನೀರಿಗೆ ಹೆದರುವುದಿಲ್ಲ. ಆ ಅಡಿಮರ ಗಟ್ಟಿಯಾಗಿ ತೇಲುತ್ತಿರುವವರೆಗೆ ಅದರ ನೆರಳು ನಮ್ಮ ದಂಡೆಯ ಮೇಲೆ ಬಿದ್ದಿರುತ್ತದೆ. ಹಡಗು ಎಲ್ಲೋ ದೂರದ ಬಂಡೆಗೆ ಬಡಿದು ಒಡೆದ ಗಳಿಗೆಯಲ್ಲಿ ಇಲ್ಲಿ ನೆರಳು ಎದ್ದುಹೋಗುತ್ತದೆ.

ಹೀಗಾಗಿ ನಮ್ಮೂರಿನ ಹೆಂಗಸರು ದಾರಿ ಕಾಯುತ್ತಿದ್ದದ್ದು ಸಮುದ್ರದ ಕಡೆ ನೋಡಿಕೊಂಡಲ್ಲ, ನೆಲ ನೋಡಿಕೊಂಡು. ಒಂದೊಂದು ಹಡಗಿಗೆ ಒಂದೊಂದು ನೆರಳು, ಒಂದೊಂದು ನೆರಳಿಗೆ ಹತ್ತಿಪ್ಪತ್ತು ಮನೆ. ಮಧ್ಯಾಹ್ನ ನೆರಳು ಬುಡಕ್ಕೆ ಬಂದು ಗುಂಡಗಾದಾಗ ಆ ಹಡಗಿನವರ ತಾಯಂದಿರು, ಹೆಂಡಿರು ಕಸಬರಿಗೆ ಹಿಡಿದು ಬಂದು ಅದನ್ನು ಗುಡಿಸುತ್ತಿದ್ದರು. ಗುಡಿಸಿದ ಮೇಲೆ ಅಲ್ಲೇ ಕೂತು ಗಂಜಿ ಉಣ್ಣುವುದು, ಮೀನು ಕೊಯ್ಯುವುದು, ಇಲ್ಲದವರ ಮಾತಾಡುವುದು. ಮಳೆಗಾಲದಲ್ಲಿ ಮೋಡ ಮುಚ್ಚಿ ಎಂಟು ದಿನ ನೆರಳು ಕಾಣದೆ ಹೋದರೆ ಊರಿನ ಹೆಂಗಸರೆಲ್ಲ ಸಿಕ್ಕಿದವರ ಮೇಲೆ ರೇಗುತ್ತಿದ್ದರು. ಒಂದು ಎಳೆ ಬಿಸಿಲು ಹೊಳೆದರೆ ಸಾಕು, ಒಲೆಯ ಮೇಲಿನದು ಸೀದು ಹೋದರೂ ಸರಿ, ಎಲ್ಲರೂ ದಂಡೆಗೆ ಓಟ.

ಗುಡಿಸುವುದಕ್ಕೂ ಕಾರಣವಿತ್ತು. ಯಾವುದೋ ಕಾಲದಲ್ಲಿ ಒಂದು ಹಡಗಿನ ನೆರಳಿನೊಳಗೆ ಕಾಡುಗಿಡವೊಂದು ತಾನಾಗಿ ಬೆಳೆದು ಮರವಾಯಿತಂತೆ. ಕೆಳಗಿನ ನೆರಳು ಯಾವುದರದ್ದು ಎಂದು ಯಾರೂ ನೋಡಲಿಲ್ಲ. ಹಡಗು ಮುಳುಗಿ ನಾಲ್ಕು ವರ್ಷವಾದರೂ ಆ ಮನೆಗಳ ಹೆಂಗಸರು ಹೂ ಮುಡಿದು, ಹಬ್ಬಕ್ಕೆ ಗಂಡಂದಿರ ಪಾಲಿನ ಕಡುಬು ಎತ್ತಿಡುತ್ತಿದ್ದರಂತೆ. ಸುದ್ದಿ ಬೇರೆ ಹಡಗಿನವರಿಂದ ಬಂದಾಗ ಆದ ದುಃಖಕ್ಕಿಂತ ಅವಮಾನವೇ ಹೆಚ್ಚಾಯಿತೆಂದು ಹೇಳುತ್ತಾರೆ. ಅಲ್ಲಿಂದ ಮುಂದೆ ನೆರಳಿನ ಸುತ್ತಮುತ್ತ ಒಂದು ಹುಲ್ಲುಕಡ್ಡಿ ಕೂಡ ಉಳಿಸಬಾರದೆಂದು ಕಟ್ಟಳೆಯಾಯಿತು. ತಲೆಮಾರುಗಟ್ಟಲೆ ಗುಡಿಸಿ ಗುಡಿಸಿ ನಮ್ಮ ದಂಡೆ ತಟ್ಟೆಯ ಹಾಗೆ ನುಣ್ಣಗಾಗಿತ್ತು.

ನಾನು ಈ ಊರಿನಲ್ಲಿ ಹುಟ್ಟಿದವಳಲ್ಲ. ಹೊಳೆಯಲ್ಲಿ ಒಂದು ದಿನ ಮೇಲಕ್ಕೆ ಹೋದರೆ ಸಿಗುವ ಹಳ್ಳಿಯವಳು. ಹಡಗಿನಲ್ಲಿ ಹುಟ್ಟು ಹಾಕುವ ಕೇತ ಎಂಬವನಿಗೆ ನನ್ನನ್ನು ಕೊಟ್ಟರು. ಹಾಡು ಹೇಳಿಕೊಂಡು ಕೆಲಸ ಮಾಡುವವನು, ಒಂದು ಹಾಡನ್ನೂ ಕೊನೆಯವರೆಗೆ ಕಲಿತವನಲ್ಲ. ಮಳೆಗಾಲದ ಮೂರು ತಿಂಗಳು ನನ್ನ ಜೊತೆ ಇದ್ದು, ಗಾಳಿ ತಿರುಗಿದ ಮೇಲೆ ಅಕ್ಕಿ, ಮೆಣಸು ತುಂಬಿದ ಹಡಗಿನಲ್ಲಿ ಪಡುವಣಕ್ಕೆ ಹೋದ. ಮುಂದಿನ ಮಳೆಗೆ ಮೊದಲು ಬರುತ್ತೇನೆ ಎಂದಿದ್ದ. ಹಡಗು ಮರೆಯಾದ ಮಧ್ಯಾಹ್ನವೇ ಅತ್ತೆ ಜಕ್ಕಿ ನನ್ನ ಕೈಗೆ ಹೊಸ ಕಸಬರಿಗೆ ಕೊಟ್ಟು ದಂಡೆಗೆ ಕರೆದುಕೊಂಡು ಹೋದರು.

"ಇದು ಅವನ ಹಡಗಿನ ನೆರಳು. ಜ್ವರ ಬರಲಿ, ಮಳೆ ಬರಲಿ, ದಿನಾ ಗುಡಿಸುದು" ಎಂದರು. ಅಷ್ಟೇ ಉಪದೇಶ.

ಅತ್ತೆ ಮಾತು ಕಡಿಮೆಯ ಹೆಂಗಸು. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಇಡೀ ಕೇರಿಯಲ್ಲಿ ಅವರಷ್ಟು ಬೇಗ ಮೀನು ಕೊಯ್ಯುವವರು ಇರಲಿಲ್ಲ. ಮಾವ ಹೋದದ್ದೂ ಸಮುದ್ರದಲ್ಲೇ. ಅವರ ಹಡಗಿನ ನೆರಳಿನಲ್ಲಿ ಕೂತು ಬಂಗುಡೆ ಕೊಯ್ಯುತ್ತಿದ್ದಾಗ ಅತ್ತೆಯ ಮುಂಗೈ ಮೇಲೆ ಇದ್ದಕ್ಕಿದ್ದಂತೆ ಬಿಸಿಲು ಬಿತ್ತಂತೆ. ಕೇತ ಆಗ ತೊಟ್ಟಿಲಲ್ಲಿದ್ದ. ಈ ಸಂಗತಿಯನ್ನು ನನಗೆ ಹೇಳಿದವಳು ಪಕ್ಕದ ಮನೆಯ ಮಾಚಿ. ಅವಳು ನನ್ನ ಓರಗೆಯವಳು, ಬಾಯಿ ಜೋರು, ಗಂಡ ಬೇರೆ ಹಡಗಿನಲ್ಲಿ. ಅತ್ತೆಯ ಬಾಯಿಂದ ಮಾವನ ಹೆಸರನ್ನೂ ನಾನು ಕೇಳಿರಲಿಲ್ಲ. ಅವರಿಗೆ ಉಳಿದದ್ದು ಮಗನೊಬ್ಬ, ಆ ಮಗನ ಸುದ್ದಿ ಹೇಳುವ ನೆರಳು ಒಂದು.

ಒಂದು ಮಳೆ ಹೋಯಿತು, ಹಡಗು ಬರಲಿಲ್ಲ. ಗಾಳಿ ತಪ್ಪಿದರೆ ಆಚೆ ದಡದಲ್ಲೇ ಒಂದು ವರ್ಷ ನಿಲ್ಲುವುದುಂಟು ಎಂದು ಎಲ್ಲರೂ ಹೇಳಿದರು. ನೆರಳು ಗಟ್ಟಿಯಾಗಿತ್ತು, ಎಲೆ ಎಣಿಸಬಹುದಾದಷ್ಟು ಚೊಕ್ಕವಾಗಿತ್ತು. ನಾನು ಗುಡಿಸಿದೆ. ಗಂಡನ ಮುಖ ಮರೆತುಹೋಗುತ್ತದೇನೋ ಎಂಬ ಭಯದಲ್ಲಿ ಆ ನೆರಳಿನ ಒಂದೊಂದು ಕೊಂಬೆಯನ್ನೂ ಗುರುತಿಟ್ಟುಕೊಂಡೆ. ಪಡುವಣದ ಕಡೆಗೆ ಚಾಚಿದ ಒಂದು ಕೊಂಬೆಯ ನೆರಳಿನಲ್ಲಿ ಮಲಗಿದರೆ ಅವನ ತೋಳಿನ ಮೇಲೆ ತಲೆಯಿಟ್ಟ ಹಾಗೆ ನನಗೆ ಅನಿಸುತ್ತಿತ್ತು. ಹುಚ್ಚು ಎನ್ನಿ, ನನಗೇನೂ ಬೇಸರವಿಲ್ಲ.

ಆ ವರ್ಷಗಳಲ್ಲೇ ಸಮುದ್ರ ಊರಿನ ಕಡೆಗೆ ಬರತೊಡಗಿದ್ದು. ಬರುತ್ತದೆ ಎಂದು ಕೂಗಿ ಹೇಳಿ ಬರಲಿಲ್ಲ. ಮೊದಲ ಮಳೆಗೆ ಬಲೆ ಒಣಗಿಸುವ ಜಾಗ ಹೋಯಿತು. ಎರಡನೆಯ ಮಳೆಗೆ ಮೀನು ಹರವುವ ಬಯಲಿನ ಅರ್ಧ, ಜೊತೆಗೆ ಸಾಲಿನ ತುದಿಯ ಎರಡು ಮನೆ. ಆ ಮನೆಯವರು ಬಾಗಿಲು, ತೊಲೆ ಕಿತ್ತುಕೊಂಡು ಊರೊಳಗಿನ ದೇವಸ್ಥಾನದ ಜಗಲಿಗೆ ಬಂದು ಕೂತರು. ಹತ್ತಿರದ ಬಾವಿಯ ನೀರು ಚಪ್ಪೆಯಾಗಿದ್ದದ್ದು ಉಪ್ಪಾಯಿತು. ಊರಿನ ವ್ಯವಹಾರ ನೋಡುವ ಪಟ್ಟಣಸ್ವಾಮಿ ಹಿರಿಯರನ್ನು ಸೇರಿಸಿ ಸಮುದ್ರಕ್ಕೆ ಹಾಲು ಎರೆಸಿದ, ತೆಂಗಿನಕಾಯಿ ಬಿಡಿಸಿದ. ಆಮೇಲೆ ಕೆಂಪು ಮುರಕಲ್ಲು ತರಿಸಿ ಆಳೆತ್ತರದ ಗೋಡೆ ಕಟ್ಟಿಸಿದ. ಸಮುದ್ರ ಹಾಲು ಕುಡಿಯಿತು, ಒಂದು ತಿಂಗಳಲ್ಲಿ ಗೋಡೆಯನ್ನೂ ಕುಡಿಯಿತು.

ಮರವಿಲ್ಲದ್ದಕ್ಕೆ ಮರಳು ಹೋಗುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಅಜ್ಜನ ಕಾಲದಲ್ಲಿ ತಂಪಾಗಿದ್ದ ಜಾಗ ಈಗಲೂ ತಂಪಾಗಿತ್ತು. ದಂಡೆಯ ಉದ್ದಕ್ಕೂ ಮೂವತ್ತು ನಲವತ್ತು ನೆರಳು ಒಂದಕ್ಕೊಂದು ತಾಗಿಕೊಂಡು ಬಿದ್ದಿದ್ದವು. ಅದನ್ನು ಊರಿನವರು ಈಗಲೂ ತೋಪು ಎಂದೇ ಕರೆಯುತ್ತಿದ್ದರು. ತೋಪಿಗೆ ಹೋಗಿ ಬರುತ್ತೇನೆ, ತೋಪಿನಲ್ಲಿ ಬುತ್ತಿ ಉಂಡೆ ಎನ್ನುತ್ತಿದ್ದರು. ತಂಪು ಇದ್ದ ಮೇಲೆ ತೋಪೂ ಇದೆ ಎಂದುಕೊಂಡವರ ಕಾಲ ಕೆಳಗೆ ಒಂದು ಬೇರೂ ಉಳಿದಿರಲಿಲ್ಲ. ಹೊರಗಿನಿಂದ ಬಂದ ನಾನೂ ಎರಡು ವರ್ಷ ಹಾಗೆಯೇ ಅಂದುಕೊಂಡಿದ್ದೆ, ಆದ್ದರಿಂದ ಬುದ್ಧಿವಂತಿಕೆ ಮೆರೆಯಲು ನನಗೆ ಮುಖವಿಲ್ಲ.

ನಾನು ಮಾಡಿದ್ದು ಬುದ್ಧಿವಂತಿಕೆಯಲ್ಲ, ಸೋಮಾರಿತನ. ಕೇತ ಹೋಗಿ ಎರಡನೆಯ ಬೇಸಿಗೆ. ಒಂದು ಮಧ್ಯಾಹ್ನ ನೆರಳಿನ ಬುಡದ ಹತ್ತಿರ ಗುಡಿಸುವಾಗ ಅಲೆ ತಂದು ಹಾಕಿದ ಸುರಹೊನ್ನೆಯ ಕಾಯಿಯೊಂದು ಮೊಳೆತು ಎರಡು ಎಲೆ ಬಿಟ್ಟಿದ್ದು ಕಂಡಿತು. ನಮ್ಮ ಕಡೆ ತಾನಾಗಿ ಹುಟ್ಟಿದ ಗಿಡವನ್ನು ಕೀಳುವುದಿಲ್ಲ. ಹೊಳೆಯ ದಡ ಕುಸಿಯಬಾರದೆಂದು ಬಿದಿರು, ಲಕ್ಕಿ ನೆಟ್ಟು ಕಾಪಾಡುವ ಊರಿನವಳು ನಾನು. ಕೈ ಬರಲಿಲ್ಲ. ಒಡೆದ ಮಡಕೆಯ ಕಂಠವೊಂದನ್ನು ತಂದು ಗಿಡಕ್ಕೆ ಸುತ್ತಿಟ್ಟೆ. ಅಲ್ಲಿ ಮಾತ್ರ ಕಸಬರಿಗೆ ತಾಗಿಸಲಿಲ್ಲ. ಕಸಬರಿಗೆ ತಾಗದ ಜಾಗಕ್ಕೆ ಅಡುಂಬು ಬಳ್ಳಿಯೂ ಹಬ್ಬಿತು, ಮರಳಿನ ಮೇಲೆ ಹರಿದು ನೇರಳೆ ಹೂ ಬಿಡುವ ಬಳ್ಳಿ. ಅತ್ತೆಗೆ ಕಣ್ಣು ಮಂಜಾಗುತ್ತಿದ್ದ ಕಾಲ, ಅವರು ಆ ಮೂಲೆಯನ್ನು ನನಗೆ ಬಿಟ್ಟಿದ್ದರು.

ಆ ಮಳೆಗಾಲ ಬಲವಾಗಿತ್ತು. ಮಳೆ ನಿಂತು ಮೊದಲ ಬಿಸಿಲು ಬಿದ್ದ ದಿನ ಎಲ್ಲರೂ ಓಡಿದರು, ನಾವೂ ಓಡಿದೆವು. ನೆರಳಿತ್ತು. ಅತ್ತೆ ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಮೇಲೆ ಕೆಳಗೆ ನೋಡಿದರು. ಸುತ್ತಲೂ ದಂಡೆ ಮೊಣಕಾಲುದ್ದ ಕೊರೆದುಹೋಗಿ ಕಪ್ಪು ಕೆಸರು ಕಾಣುತ್ತಿತ್ತು. ನನ್ನ ಮೂಲೆಯಲ್ಲಿ ಮಾತ್ರ ಮರಳು ದಿಬ್ಬವಾಗಿ ನಿಂತಿತ್ತು. ಬಳ್ಳಿ ಅದನ್ನು ಹೊಲಿದ ಹಾಗೆ ಹಿಡಿದಿತ್ತು. ದಿಬ್ಬದ ನೆತ್ತಿಯಲ್ಲಿ ಮಡಕೆಯ ಕಂಠ, ಅದರೊಳಗೆ ಗೇಣುದ್ದದ ಹೊನ್ನೆ ಗಿಡ.

ಅತ್ತೆ ಬಗ್ಗಿ ಗಿಡಕ್ಕೆ ಕೈ ಹಾಕಿದರು. ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ಮದುವೆಯಾಗಿ ಬಂದ ಮೇಲೆ ಅವರನ್ನು ಹಾಗೆ ತಡೆದದ್ದು ಅದೇ ಮೊದಲು.

"ನನ್ನ ಮಗನ ಸುದ್ದಿ ನಿಂಗೆ ಬೇಡವಾ?" ಎಂದು ಕೇಳಿದರು. ದನಿ ಏರಲಿಲ್ಲ. ಏರಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಅವರ ಕಣ್ಣು ನೋಡಿದೆ. ಈ ಹುಡುಗಿಗೆ ಇನ್ನೂ ವಯಸ್ಸಿದೆ, ಇವಳು ಮರೆಯಲು ನೋಡುತ್ತಿದ್ದಾಳೆ ಎಂದು ಅವರು ತಿಳಿದುಕೊಂಡಿದ್ದರು. ಆದರೂ ಕೈ ಬಿಡಲಿಲ್ಲ, ದಿಬ್ಬ ತೋರಿಸಿದೆ. ಇದು ನಿಂತಿದೆ ಅತ್ತೆ, ಉಳಿದದ್ದೆಲ್ಲ ಹೋಗಿದೆ, ನೋಡಿ ಎಂದೆ.

ಮಾತು ಊರಿಗೆ ಹಬ್ಬುವುದಕ್ಕೆ ಮಾಚಿಯೊಬ್ಬಳೇ ಸಾಕಿತ್ತು. ಮರುದಿನ ಪಟ್ಟಣಸ್ವಾಮಿಯ ಚಾವಡಿಯಲ್ಲಿ ಸಭೆ. ನಾನು ಕಂಡದ್ದನ್ನು ಹೇಳಿದೆ. ದಂಡೆಯ ಉದ್ದಕ್ಕೂ ಬಳ್ಳಿ ಬಿಟ್ಟು, ಹೊನ್ನೆ ನೆಟ್ಟರೆ ಮರಳು ನಿಲ್ಲುತ್ತದೆ, ಗುಡಿಸುವುದನ್ನು ನಿಲ್ಲಿಸಬೇಕು ಎಂದೆ. ಪಟ್ಟಣಸ್ವಾಮಿ ನಕ್ಕು, ಇಷ್ಟು ದೊಡ್ಡ ತೋಪು ಇರುವಾಗ ಇನ್ನೆಂತ ನೆಡುವುದು ಎಂದು ದಂಡೆಯ ಕಡೆ ಕೈ ತೋರಿಸಿದ. ಎಲ್ಲರೂ ಆ ಕಡೆ ತಿರುಗಿದರು. ಆಗ ಮೂಲೆಯಲ್ಲಿ ಕೂತಿದ್ದ ಹಡಗಿನ ಆಚಾರಿ ಬೊಮ್ಮಯ್ಯ ಎದ್ದ. ಅವನಪ್ಪನೂ ಅವನೂ ಸೇರಿ ದಂಡೆಯ ಅರ್ಧ ಮರ ಕಡಿದವರು. ಅವನು ಯಾರ ಮುಖವನ್ನೂ ನೋಡದೆ ಹೇಳಿದ.

"ಅಲ್ಲಿ ತೋಪಿಲ್ಲ ಸ್ವಾಮಿ. ನಾನೇ ಕಡಿದದ್ದು, ನನಗೆ ಗೊತ್ತುಂಟು. ಈಗ ಒಂದು ಅಡಿಮರ ಬೇಕಾದರೆ ಅರ್ಧ ದಿನ ನಡೀಬೇಕು."

ಕೆಲವರು ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಹುಟ್ಟಿದಾಗಿನಿಂದ ನೋಡುತ್ತಿದ್ದ ದಂಡೆಯನ್ನು ಅವತ್ತೇ ಮೊದಲ ಸಲ ನೋಡಿದಂತಿತ್ತು. ಗಂಡಸರಿಗೆ ಮಾತು ನಾಟಿತು. ಆದರೆ ನೆರಳು ಗಂಡಸರದ್ದಲ್ಲ. ಹೆಂಗಸರ ಕಡೆಯಿಂದ ಮಾಚಿ ಎದ್ದು, ಮೇಲೂರಿನಿಂದ ಬಂದವಳಿಗೆ ನೆರಳು ಎಂದರೆ ಬರೀ ತಂಪು, ನಮಗೆ ಅದು ಗಂಡನ ಉಸಿರು, ಅದರ ಮೇಲೆ ಗಿಡ ನೆಡುವವಳು ನನ್ನ ಕಣ್ಣ ಮುಂದೆ ಬರುವುದು ಬೇಡ ಎಂದಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಕೊನೆಗೆ ಒಂದೊಂದು ನೆರಳಿನವರು ತಮ್ಮ ತಮ್ಮದನ್ನು ತೀರ್ಮಾನಿಸಲಿ ಎಂದಾಯಿತು. ನಮ್ಮ ಹಡಗಿನ ಹದಿನೆಂಟು ಮನೆಗೆ ಹಿರಿಯರು ನನ್ನ ಅತ್ತೆ. ಅವರು ಕಸಬರಿಗೆ ಎತ್ತಿಕೊಂಡು ಮನೆಗೆ ನಡೆದರು.

ಇಪ್ಪತ್ತು ದಿನ ಅತ್ತೆ ನನ್ನ ಜೊತೆ ಮಾತಾಡಲಿಲ್ಲ. ಅನ್ನ ಬಡಿಸಿ ತಟ್ಟೆಯನ್ನು ನನ್ನ ಕಡೆ ಸರಿಸುತ್ತಿದ್ದರು, ಅಷ್ಟೇ. ದಿನಾ ಮಧ್ಯಾಹ್ನ ಹೋಗಿ ನೆರಳು ಗುಡಿಸುತ್ತಿದ್ದರು. ಗಿಡದ ಹತ್ತಿರ ಬಂದಾಗ ಅವರ ಕಸಬರಿಗೆಯ ಕಡ್ಡಿಗಳು ಮಡಕೆಗೆ ತಾಗಿ ಸದ್ದಾಗುತ್ತಿತ್ತು. ಕೀಳಲಿಲ್ಲ. ಉಳಿಸುತ್ತೇನೆಂದೂ ಹೇಳಲಿಲ್ಲ.

ಇಪ್ಪತ್ತೊಂದನೆಯ ದಿನ ಹುಣ್ಣಿಮೆಯ ಮರುದಿನ. ಬೆಳಿಗ್ಗೆ ಎದ್ದರೆ ಅತ್ತೆ ಮನೆಯಲ್ಲಿಲ್ಲ. ದಂಡೆಗೆ ಹೋದೆ. ಬೆಳಗಿನ ಹೊತ್ತು ಸೂರ್ಯ ಊರಿನ ಹಿಂದಿರುವುದರಿಂದ ನೆರಳು ಉದ್ದಕ್ಕೆ ಸಮುದ್ರದ ಕಡೆ ಚಾಚಿರುತ್ತದೆ. ಅತ್ತೆ ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. ನೆರಳಿನ ತಲೆ ನೀರಿಗೆ ಬಿದ್ದಿತ್ತು. ನಾನು ಬಂದಾಗಿನಿಂದ ಅದು ಒಣ ಮರಳಿನ ಮೇಲೆ ಮುಗಿಯುತ್ತಿತ್ತು. ಈಗ ಪಡುವಣದ ಆ ಕೊಂಬೆ, ನಾನು ತಲೆಯಿಟ್ಟು ಮಲಗುತ್ತಿದ್ದ ಕೊಂಬೆ, ಅಲೆಯಲ್ಲಿ ಚೂರುಚೂರಾಗಿ ಎಲ್ಲಿತ್ತೋ ತಿಳಿಯುತ್ತಿರಲಿಲ್ಲ.

"ಮರಳು ಹೋದರೆ ನೆರಳು ಬೀಳುದು ಎಲ್ಲಿಗೆ, ದುಗ್ಗಿ?" ಎಂದು ಅತ್ತೆ ಕೇಳಿದರು. ಇಪ್ಪತ್ತು ದಿನಗಳ ನಂತರ ನನ್ನ ಹೆಸರು ಅವರ ಬಾಯಲ್ಲಿ ಬಂದಿತ್ತು.

ನಾನು ಪಕ್ಕದಲ್ಲಿ ಕೂತೆ. ಗಿಡ ಎಷ್ಟು ವರ್ಷಕ್ಕೆ ದೊಡ್ಡದಾಗುತ್ತದೆ ಎಂದು ಕೇಳಿದರು. ಅವನ ನೆರಳನ್ನು ಮುಚ್ಚುವಷ್ಟು ಆಗಬೇಕಾದರೆ ಹತ್ತು ವರ್ಷವಾದರೂ ಬೇಕು ಎಂದೆ. ಹತ್ತು ವರ್ಷ ಕಾಣುತ್ತದಲ್ಲ ಹಾಗಾದರೆ ಎಂದರು. ಕಾಣುತ್ತದೆ ಎಂದೆ. ಆಮೇಲೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಲೆಯೊಂದು ಬಂದು ನಮ್ಮ ಕಾಲಿನ ಹತ್ತಿರದ ಮರಳನ್ನು ಒಂದು ಹಿಡಿ ತೆಗೆದುಕೊಂಡು ಹೋಯಿತು.

"ಅವನ ಅಪ್ಪನ ನೆರಳು ಹೋದದ್ದು ಆ ಕ್ಷಣಕ್ಕೇ ನಂಗೆ ಗೊತ್ತಾಯ್ತು" ಎಂದರು ಅತ್ತೆ. "ಗೊತ್ತಾಗಿ ಎಂತ ಮಾಡಿದೆ? ಬುಟ್ಟಿಯಲ್ಲಿ ಇನ್ನೂ ಮೀನು ಇತ್ತು. ಅಷ್ಟನ್ನೂ ಕೊಯ್ದು ಮುಗಿಸಿದೆ." ಸೆರಗಿನಿಂದ ಕೈಯ ಮರಳು ಒರೆಸಿಕೊಂಡು ಮತ್ತೆ ಹೇಳಿದರು, "ನೆರಳು ಹೇಳುದು ಮರದ ಸುದ್ದಿ, ಹೆಣ್ಣೇ. ಮಗನಿಗೆ ಅಲ್ಲಿ ಜ್ವರ ಬಂತಾ, ಹೊಟ್ಟೆಗೆ ಸಿಕ್ಕಿತಾ, ಅದು ಯಾವತ್ತೂ ಹೇಳಲಿಲ್ಲ. ನಾವೇ ಹೇಳ್ತದೆ ಅಂದುಕೊಂಡದ್ದು."

ಅವತ್ತು ಮಧ್ಯಾಹ್ನ ಅತ್ತೆ ಕಸಬರಿಗೆ ತರಲಿಲ್ಲ. ಬರಿಗೈಯಲ್ಲಿ ಬಂದು ಹದಿನೆಂಟು ಮನೆಯವರನ್ನೂ ಕೂರಿಸಿಕೊಂಡು, ಮನೆಗೊಂದು ಗಿಡ, ಹಡಗಿನಲ್ಲಿರುವ ಒಬ್ಬೊಬ್ಬನಿಗೆ ಒಂದೊಂದು ಎಂದರು. ಯಾರಿಗೂ ಮನಸ್ಸಿರಲಿಲ್ಲ. ಒಬ್ಬಳು ಅಳುತ್ತಲೇ ಎದ್ದುಹೋದಳು, ಮರುದಿನ ಬಂದಳು. ಜಕ್ಕಿಯೇ ನೆಡುತ್ತಾಳೆಂದರೆ ಬೇಡ ಎನ್ನುವ ಧೈರ್ಯ ಯಾರಿಗಿತ್ತು? ಬೊಮ್ಮಯ್ಯ ಅರ್ಧ ದಿನ ನಡೆದು ಹೋಗಿ ಒಂದು ಬುಟ್ಟಿ ಹೊನ್ನೆಕಾಯಿ ತಂದು ಇಳಿಸಿ, ನಿಂತು ನೋಡಲಾರದೆ ಹೊರಟುಹೋದ. ನನ್ನ ಗಿಡವನ್ನು ಲೆಕ್ಕಕ್ಕೆ ಹಿಡಿದು ಉಳಿದ ಹದಿನೇಳು ಕಾಯಿಗಳನ್ನು ನೆರಳಿನೊಳಗೇ ನೆಟ್ಟೆವು. ಅಡುಂಬು ಬಳ್ಳಿ ತುಂಡು ಮಾಡಿ ಎಲ್ಲ ಕಡೆ ಹೂತೆವು. ನಮ್ಮ ಮನೆಯ ಕಸಬರಿಗೆಯನ್ನು ಅತ್ತೆ ಬಿಚ್ಚಿ, ಅದರ ಕಡ್ಡಿಗಳನ್ನು ಮೊಳೆತು ಏಳುವ ಗಿಡಗಳಿಗೆ ಆಸರೆಯಾಗಿ ಊರಿದರು.

ಮುಂದಿನ ಮಳೆಗೆ ನಮ್ಮ ಭಾಗದ ಮರಳು ನಿಂತಿತು. ಪೂರ್ತಿ ನಿಂತಿತು ಎಂದರೆ ಸುಳ್ಳಾಗುತ್ತದೆ. ಅಲ್ಲಲ್ಲಿ ಕೊರೆದಿತ್ತು, ಎರಡು ಗಿಡ ಹೋಗಿ ಮತ್ತೆ ನೆಟ್ಟೆವು. ಆದರೆ ನಮ್ಮ ಹಿಂದಿನ ಸಾಲಿನ ಒಂದು ಮನೆಯೂ ಹೋಗಲಿಲ್ಲ. ಅದನ್ನು ನೋಡಿ ಪಕ್ಕದ ನೆರಳಿನವರು ಬಳ್ಳಿ ಕೇಳಿದರು, ಅವರ ಪಕ್ಕದವರು ಕಾಯಿ ಕೇಳಿದರು. ಮಾಚಿ ಎಲ್ಲರಿಗಿಂತ ಕೊನೆಗೆ ಬಂದಳು. ಮುಖ ಆ ಕಡೆ ಮಾಡಿ ನಿಂತು, ಬುಟ್ಟಿಯಲ್ಲಿ ಏನಾದರೂ ಉಳಿದಿದೆಯೇ ಎಂದು ಕೇಳಿದಳು. ನಾನು ಕೊಟ್ಟೆ, ಅವಳು ಬೈದುಕೊಂಡೇ ನೆಟ್ಟಳು. ತೆಂಕಣ ತುದಿಯ ಎರಡು ನೆರಳಿನವರು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಆ ಜಾಗ ಸಮುದ್ರಕ್ಕೆ ಹೋಯಿತು. ಆ ಮನೆಗಳ ಹೆಂಗಸರು ನಡುನೀರಿನಲ್ಲಿ ನಿಂತು ಅಲೆಯ ಮೇಲೆ ನೆರಳು ಹುಡುಕುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವರನ್ನು ಆಡಿಕೊಳ್ಳುವ ಮನಸ್ಸು ನನಗೆ ಯಾವತ್ತೂ ಬಂದಿಲ್ಲ.

ನಮ್ಮ ಗಿಡಗಳು ನಿಧಾನ. ಮೊದಲೇ ಹೊನ್ನೆಗೆ ಅವಸರವಿಲ್ಲ, ಮೇಲಾಗಿ ಇವು ಮರವಿಲ್ಲದ ಮರದ ಅಡಿಯಲ್ಲಿ ಸೊರಗಿ ಬೆಳೆದವು. ಬಿಸಿಲು ಸಾಲದೆ ತೆಳ್ಳಗೆ, ಬಾಗಿಕೊಂಡು. ಅವಕ್ಕೆ ತಮ್ಮದೇ ನೆರಳಿರಲಿಲ್ಲ. ದೊಡ್ಡ ನೆರಳಿನೊಳಗೆ ಸಣ್ಣದು ಎಲ್ಲಿ ಕಾಣಬೇಕು? ಗಿಡ ಚೆನ್ನಾಗಿ ಬೆಳೆಯಲಿ ಎಂದು ನೀರು ಹಾಕುತ್ತಿದ್ದೆ. ಅಷ್ಟು ಬೇಗ ಬೆಳೆಯದಿರಲಿ ಎಂದೂ ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ. ಎರಡೂ ನಿಜ. ಅತ್ತೆಯೂ ದಿನಾ ಒಂದು ಕೊಡ ತರುತ್ತಿದ್ದರು. ಕಣ್ಣು ಇನ್ನಷ್ಟು ಮಂಜಾಗಿತ್ತು. ಗಿಡಗಳನ್ನು ಕೈಯಿಂದ ತಡವಿ, ಅವುಗಳ ಹೆಸರು ಹಿಡಿದು ಕರೆಯುತ್ತಿದ್ದರು. ನೆಟ್ಟವರ ಮನೆಯ ಗಂಡಸರ ಹೆಸರು. ಕೇತ ಎಂಬ ಗಿಡಕ್ಕೆ ಕೊನೆಗೆ ನೀರು, ಕೊಡದಲ್ಲಿ ಉಳಿದದ್ದೆಲ್ಲ ಅದಕ್ಕೆ.

ನೆಟ್ಟು ಮೂರು ವರ್ಷವಾಗಿತ್ತು. ಕೇತ ಹೋಗಿ ಐದು. ಮಾಘದ ಒಂದು ಬೆಳಿಗ್ಗೆ, ಬಿಸಿಲು ಏರುತ್ತಿದ್ದ ಹೊತ್ತು, ನಾನು ಕೊಡ ಹೊತ್ತು ದಂಡೆಗೆ ಬಂದೆ. ಏನೋ ತಪ್ಪಾಗಿದೆ ಎಂದು ಅನಿಸಿತು, ಏನೆಂದು ತಕ್ಷಣ ತಿಳಿಯಲಿಲ್ಲ. ಕಾಲಿಗೆ ಮರಳು ಬಿಸಿ ತಾಗಿತು. ಆಮೇಲೆ ನೋಡಿದೆ. ಒಂದೊಂದು ಗಿಡದ ಪಕ್ಕದಲ್ಲೂ ಒಂದೊಂದು ಪುಟ್ಟ ನೆರಳು ಬಿದ್ದಿತ್ತು. ಹದಿನೆಂಟು ಗಿಡ, ಹದಿನೆಂಟು ನೆರಳು, ಎಲೆ ಎಣಿಸಬಹುದಾದಷ್ಟು ಚೊಕ್ಕವಾಗಿ. ಅವುಗಳ ಸುತ್ತ ಎಲ್ಲೆಲ್ಲೂ ಬಿಳಿ ಬಿಸಿಲು.

ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಒಡೆದದ್ದು ಹಡಗಿನ ಮರ, ಮನುಷ್ಯರು ಈಜುತ್ತಾರೆ, ಯಾವುದಾದರೂ ದಡ ಹತ್ತಿರ ಇದ್ದೀತು ಎಂದು ಮನಸ್ಸು ಏನೇನೋ ಹೇಳುತ್ತಿತ್ತು. ಹಿಂದೆ ಹೆಜ್ಜೆಯ ಸದ್ದು ಕೇಳಿಸಿತು. ಅತ್ತೆ ಕೊಡ ಹಿಡಿದು ಬರುತ್ತಿದ್ದರು. ನಾನು ಥಟ್ಟನೆ ಸರಿದು, ನನ್ನ ಮೈಯ ನೆರಳು ಕೇತನ ಗಿಡದ ಮೇಲೆ ಬೀಳುವ ಹಾಗೆ ನಿಂತುಬಿಟ್ಟೆ. ಅದರ ಪುಟ್ಟ ನೆರಳು ನನ್ನದರಲ್ಲಿ ಮುಚ್ಚಿಹೋಯಿತು. ಕಣ್ಣೆದುರಿಗೆ ಹದಿನೇಳು ನೆರಳು ಬಿದ್ದಿರುವಾಗ ಒಂದನ್ನು ಮುಚ್ಚಿ ನಿಂತ ನನ್ನ ಬುದ್ಧಿಗೆ ಏನೆನ್ನಬೇಕು? ಅವರಿಗೆ ಕಣ್ಣು ಕಾಣುವುದಿಲ್ಲ, ಈ ಒಂದನ್ನು ಮುಚ್ಚಿದರೆ ಸಾಕು ಎಂದು ಆ ಗಳಿಗೆಯಲ್ಲಿ ನಿಜವಾಗಿ ನಂಬಿದ್ದೆ.

ಅತ್ತೆ ಹತ್ತಿರ ಬಂದು ನಿಂತರು. ಕಣ್ಣು ಮಂಜಾದವರಿಗೂ ಬಿಸಿಲು ತಿಳಿಯುತ್ತದೆ. ತಮ್ಮ ಮುಂಗೈಯನ್ನು ಮುಂದೆ ಚಾಚಿ, ಮಗುಚಿ, ಸ್ವಲ್ಪ ಹೊತ್ತು ಹಾಗೆಯೇ ಹಿಡಿದರು. ಆಮೇಲೆ ನನ್ನ ತೋಳು ಮುಟ್ಟಿದರು.

"ಸರಿದು ನಿಲ್ಲು ಹೆಣ್ಣೇ" ಎಂದರು. "ಗಿಡಕ್ಕೆ ಬಿಸಿಲು ಬೀಳಲಿ."

ನಾನು ಸರಿದೆ. ಅತ್ತೆ ಕೊಡ ಎತ್ತಿ ಮೊದಲ ಗಿಡದ ಹತ್ತಿರ ಹೋದರು. ತಡವಿ, ಹೆಸರು ಹಿಡಿದು ಕರೆದು, ನೀರು ಹಾಕಿದರು. ಆಮೇಲೆ ಎರಡನೆಯದಕ್ಕೆ, ಮೂರನೆಯದಕ್ಕೆ. ಅವರ ಕೊಡ ಖಾಲಿಯಾದಾಗ ನನ್ನದನ್ನು ಕೊಟ್ಟೆ. ಒಂದನ್ನೂ ಬಿಡಲಿಲ್ಲ, ಒಂದಕ್ಕೂ ಅವಸರ ಮಾಡಲಿಲ್ಲ. ಕೇತನ ಗಿಡಕ್ಕೆ ಎಂದಿನಂತೆ ಉಳಿದದ್ದೆಲ್ಲ ಸುರಿದು, ಕೊಡವನ್ನು ಮರಳಿನ ಮೇಲೆ ಕವುಚಿಟ್ಟು, ಆಮೇಲೆ ಅದರ ಪಕ್ಕದಲ್ಲಿ ಕೂತು ಅತ್ತರು. ಗಂಡ ಸತ್ತಾಗ ಅಳದೆ ಉಳಿಸಿಕೊಂಡದ್ದನ್ನೂ ಸೇರಿಸಿ ಅತ್ತರು. ನಾನು ಅವರನ್ನು ತಬ್ಬಿಕೊಂಡು ಬಿಸಿಲಿನಲ್ಲೇ ಕೂತೆ.